ಹೊಸ ಸವಾರರ ಮೊದಲ ದ್ವಿಚಕ್ರ ವಾಹನ: ವಯಸ್ಸು, ಶಕ್ತಿಯ ಮಿತಿ ಮತ್ತು ಆಯ್ಕೆ

(ವಿದ್ಯಾರ್ಥಿಗಳು, ಯುವ ಸವಾರರು ಮತ್ತು ಪೋಷಕರ ಮಾಹಿತಿಗಾಗಿ)

ಪೀಠಿಕೆ

ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾದ ನಂತರದ ದಿನಗಳಲ್ಲಿ ಅನೇಕ ಮನೆಗಳಲ್ಲಿ ದ್ವಿಚಕ್ರ ವಾಹನ ಖರೀದಿಯ ಮಾತು ಆರಂಭವಾಗುತ್ತದೆ. ಕಾಲೇಜು ದೂರ, ಬಸ್ಸಿನ ವೇಳೆ ಹೊಂದುವುದಿಲ್ಲ, ಸ್ನೇಹಿತರೆಲ್ಲರ ಬಳಿಯೂ ವಾಹನವಿದೆ ಎಂಬ ಕಾರಣಗಳನ್ನು ಮಕ್ಕಳು ಮುಂದಿಡುತ್ತಾರೆ. ಪೋಷಕರು ಬೆಲೆಯನ್ನೂ ಮೈಲೇಜನ್ನೂ ವಿಚಾರಿಸುತ್ತಾರೆ. ಯುವಕರು ವಾಹನದ ನೋಟವನ್ನೂ ವೇಗವನ್ನೂ ಗಮನಿಸುತ್ತಾರೆ. ಆದರೆ ಖರೀದಿಗೆ ಮೊದಲು ಕೇಳಲೇಬೇಕಾದ ಎರಡು ಪ್ರಶ್ನೆಗಳು ಬಹುತೇಕ ಉಳಿದುಹೋಗುತ್ತವೆ. ಮೊದಲನೆಯದು, ಈ ವಯಸ್ಸಿನ ಸವಾರರು ಈ ವಾಹನವನ್ನು ಚಲಾಯಿಸಲು ಕಾನೂನಿನಲ್ಲಿ ಅವಕಾಶವಿದೆಯೇ? ಎರಡನೆಯದು, ವಾಹನದ ಶಕ್ತಿಯು ಸವಾರರ ಅನುಭವಕ್ಕೆ ತಕ್ಕುದಾಗಿದೆಯೇ?

ಹದಿನಾರರಿಂದ ಹದಿನೆಂಟು ವರ್ಷದವರೆಗೆ ವಾಹನದ ಶಕ್ತಿಗೆ ಕಾನೂನೇ ಮಿತಿಯನ್ನು ವಿಧಿಸಿದೆ. ಹದಿನೆಂಟು ತುಂಬಿದ ಮರುದಿನದಿಂದ ಅಂತಹ ಯಾವ ಮಿತಿಯೂ ಇರುವುದಿಲ್ಲ. ಆದುದರಿಂದ ಮೊದಲ ಅವಧಿಯಲ್ಲಿ ಕಾನೂನಿನ ಮಿತಿಯನ್ನು ಪಾಲಿಸುವುದು, ಎರಡನೆಯ ಅವಧಿಯಲ್ಲಿ ಸವಾರರೂ ಅವರ ಕುಟುಂಬದವರೂ ತಾವಾಗಿಯೇ ಒಂದು ಮಿತಿಯನ್ನು ಹಾಕಿಕೊಳ್ಳುವುದು ಅಗತ್ಯ. ಈ ಎರಡೂ ವಿಷಯಗಳನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

1. ವಯಸ್ಸು ಮತ್ತು ಕಾನೂನಿನ ಮಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 4ರ ಪ್ರಕಾರ 18 ವರ್ಷ ತುಂಬದ ಯಾವುದೇ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ಚಲಾಯಿಸತಕ್ಕದ್ದಲ್ಲ. ಇದಕ್ಕೆ ಒಂದು ವಿನಾಯಿತಿ ಇದೆ. ಎಂಜಿನ್ ಸಾಮರ್ಥ್ಯ 50 ಸಿ.ಸಿ. ಮೀರದ ಮೋಟಾರು ಸೈಕಲ್ಲನ್ನು 16 ವರ್ಷ ತುಂಬಿದವರು ಚಲಾಯಿಸಬಹುದು. ಇದಕ್ಕೂ ಅನುಜ್ಞಾ ಪತ್ರ, ಅಂದರೆ ಲೈಸೆನ್ಸ್ ಕಡ್ಡಾಯ. 18 ವರ್ಷದೊಳಗಿನವರಿಗೆ ಗೇರ್ ರಹಿತ ಮೋಟಾರು ಸೈಕಲ್ಲಿನ ಕಲಿಕಾ ಲೈಸೆನ್ಸ್ ನೀಡಲು, ಕಲಂ 7ರ ಪ್ರಕಾರ, ಅವರ ಪಾಲನೆಯ ಹೊಣೆ ಹೊತ್ತವರ ಲಿಖಿತ ಒಪ್ಪಿಗೆ ಇರಬೇಕು.

ಈ ವಿನಾಯಿತಿಯ ಹಿನ್ನೆಲೆಯನ್ನು ತಿಳಿಯುವುದು ಉಪಯುಕ್ತ. ಕಾಯ್ದೆ ರೂಪುಗೊಂಡ ಕಾಲದಲ್ಲಿ 50 ಸಿ.ಸಿ. ಮೊಪೆಡ್‌ಗಳು ಊರೂರಿನಲ್ಲಿ ಓಡಾಡುತ್ತಿದ್ದವು. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿ.ವಿ.ಎಸ್. 50 ಇದಕ್ಕೆ ಉದಾಹರಣೆಗಳು. ಹಗುರವಾದ, ಕಡಿಮೆ ವೇಗದ ಈ ವಾಹನಗಳು ಸೈಕಲ್ಲಿಗೂ ಮೋಟಾರು ಸೈಕಲ್ಲಿಗೂ ನಡುವಿನವಾಗಿದ್ದವು. ಇಂದು ಮಾರಾಟದಲ್ಲಿರುವ ಸಾಮಾನ್ಯ ಗೇರ್ ರಹಿತ ಸ್ಕೂಟರುಗಳು 110 ಅಥವಾ 125 ಸಿ.ಸಿ.ಯವು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಸಾಗಿಸಲು ಹಳ್ಳಿಗಳಲ್ಲಿ ಬಳಸುವ ಮೊಪೆಡ್ ಕೂಡ ಈಗ ಸುಮಾರು 100 ಸಿ.ಸಿ. ಎಂಜಿನ್ ಹೊಂದಿದೆ. ನೋಟದಲ್ಲಿ ಅದು ಹಳೆಯ ಮೊಪೆಡ್ಡಿನಂತೆಯೇ ಇದ್ದರೂ ಕಾನೂನಿನ ದೃಷ್ಟಿಯಲ್ಲಿ 16 ವರ್ಷದವರ ವಾಹನವಲ್ಲ.

ಬಹುಪಾಲು ತಪ್ಪು ತಿಳಿವಳಿಕೆ ಉಂಟಾಗುವುದು ಇಲ್ಲಿಯೇ. "ಗೇರ್ ಇಲ್ಲದ ಸ್ಕೂಟರ್ ಆದುದರಿಂದ ಹದಿನಾರಕ್ಕೆ ನಡೆಯುತ್ತದೆ" ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಹದಿನಾರರ ವಿನಾಯಿತಿಯನ್ನು ನಿರ್ಧರಿಸುವುದು ಎಂಜಿನ್ ಸಾಮರ್ಥ್ಯವೇ ಹೊರತು ಗೇರ್ ಇಲ್ಲದಿರುವುದು ಮಾತ್ರವಲ್ಲ. 50 ಸಿ.ಸಿ. ಮಿತಿಯ ಲೈಸೆನ್ಸ್ ಪಡೆದ ಹದಿನೇಳರ ವಿದ್ಯಾರ್ಥಿನಿಯು ತಾಯಿಯ 110 ಸಿ.ಸಿ. ಸ್ಕೂಟರನ್ನು ಚಲಾಯಿಸಿದರೆ, ಆ ವಾಹನದ ಮಟ್ಟಿಗೆ ಆಕೆ ಲೈಸೆನ್ಸ್ ಇಲ್ಲದವಳೇ ಆಗುತ್ತಾಳೆ. ವಾಹನದ ಸಾಮರ್ಥ್ಯವನ್ನು ಅದರ ಗಾತ್ರದಿಂದಾಗಲಿ ಹೆಸರಿನಿಂದಾಗಲಿ ಊಹಿಸದೆ, ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ಘನ ಸಾಮರ್ಥ್ಯವನ್ನು ನೋಡಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

2. ಉಲ್ಲಂಘನೆಯ ಪರಿಣಾಮ ಯಾರ ಮೇಲೆ?

2019ರ ತಿದ್ದುಪಡಿಯ ಮೂಲಕ ಕಾಯ್ದೆಗೆ ಸೇರಿದ ಕಲಂ 199-ಎ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಅಪ್ರಾಪ್ತ ವಯಸ್ಕರು ಮೋಟಾರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ಪರಿಣಾಮಗಳು ಈ ಕೆಳಕಂಡಂತಿವೆ:

ಅ) ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ರೂ. 25,000 ದಂಡ.
ಆ) ವಾಹನದ ನೋಂದಣಿ 12 ತಿಂಗಳ ಅವಧಿಗೆ ರದ್ದು.
ಇ) ಆ ಅಪ್ರಾಪ್ತರಿಗೆ 25 ವರ್ಷ ತುಂಬುವವರೆಗೆ ಚಾಲನಾ ಲೈಸೆನ್ಸ್ ಆಗಲಿ ಕಲಿಕಾ ಲೈಸೆನ್ಸ್ ಆಗಲಿ ಪಡೆಯುವ ಅರ್ಹತೆ ಇಲ್ಲ.
ಈ) ಅಪ್ರಾಪ್ತರ ವಿಚಾರಣೆ ಬಾಲನ್ಯಾಯ ಕಾಯ್ದೆ, 2015ರ ಅನ್ವಯ.

ವಾಹನವನ್ನು ಪೋಷಕರ ಒಪ್ಪಿಗೆಯಿಂದಲೇ ಬಳಸಲಾಗಿದೆ ಎಂದು ನ್ಯಾಯಾಲಯವು ಭಾವಿಸತಕ್ಕದ್ದೆಂದು ಕಾಯ್ದೆ ಹೇಳುತ್ತದೆ. ತಮಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರಿಕೆ ವಹಿಸಲಾಗಿತ್ತು ಎಂಬುದನ್ನು ಪೋಷಕರೇ ಸಾಬೀತುಪಡಿಸಬೇಕಾಗುತ್ತದೆ. ಅಪ್ರಾಪ್ತರು ಕಲಿಕಾ ಲೈಸೆನ್ಸ್ ಅಥವಾ ಲೈಸೆನ್ಸ್ ಹೊಂದಿದ್ದು, ಅದರಲ್ಲಿ ಅನುಮತಿಸಿದ ವಾಹನವನ್ನೇ ಚಲಾಯಿಸುತ್ತಿದ್ದರೆ ಮಾತ್ರ ಪೋಷಕರಿಗೂ ಮಾಲೀಕರಿಗೂ ಈ ಕಲಂ ಅನ್ವಯಿಸುವುದಿಲ್ಲ.

ಇವುಗಳಲ್ಲಿ ಮೂರನೆಯ ಪರಿಣಾಮವನ್ನು ಯುವಕರು ವಿಶೇಷವಾಗಿ ಗಮನಿಸಬೇಕು. ಹದಿನೇಳರಲ್ಲಿ ಒಂದು ದಿನ ಮಾಡಿದ ಸವಾರಿಯಿಂದ ಎಂಟು ವರ್ಷಗಳ ಅವಕಾಶ ಕಳೆದುಹೋಗಬಹುದು. ಚಾಲನಾ ಲೈಸೆನ್ಸ್ ಕೇಳುವ ಉದ್ಯೋಗಗಳಿಗೆ ಅರ್ಜಿ ಹಾಕುವ ವಯಸ್ಸು ಅದೇ ಅವಧಿಯಲ್ಲಿ ಬರುತ್ತದೆ.

ವಿಮೆಯ ವಿಷಯವೂ ಇದಕ್ಕೆ ಸೇರಿದೆ. ಲೈಸೆನ್ಸ್ ಇಲ್ಲದವರು ಚಲಾಯಿಸುತ್ತಿದ್ದಾಗ ಅಪಘಾತವಾಗಿ ಮೂರನೆಯವರಿಗೆ ಹಾನಿಯಾದಲ್ಲಿ, ವಿಮಾ ಕಂಪನಿಯು ಪರಿಹಾರವನ್ನು ಸಂತ್ರಸ್ತರಿಗೆ ಪಾವತಿಸಿ ನಂತರ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಅಂತಹ ಮೊತ್ತವು ವಾಹನದ ಬೆಲೆಗಿಂತ ಅನೇಕ ಪಟ್ಟು ಹೆಚ್ಚಿರಬಹುದು. ಜಮೀನು ಅಥವಾ ಮನೆಯನ್ನೇ ನೆಚ್ಚಿದ ಕುಟುಂಬಕ್ಕೆ ಇದು ಭರಿಸಲಾಗದ ಹೊರೆಯಾಗುತ್ತದೆ.

3. ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಬ್ಯಾಟರಿ ಚಾಲಿತ ವಾಹನಗಳ ಬಗ್ಗೆ ಪ್ರತ್ಯೇಕ ವ್ಯಾಖ್ಯೆ ಇದೆ. ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಹಾಗೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ದ್ವಿಚಕ್ರ ವಾಹನವನ್ನು, ನಿಯಮಗಳಲ್ಲಿನ ಷರತ್ತುಗಳಿಗೆ ಒಳಪಟ್ಟು, ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿಯೂ ಲೈಸೆನ್ಸೂ ಬೇಕಾಗುವುದಿಲ್ಲ. ಕಾಲೇಜು ಮೂರು ನಾಲ್ಕು ಕಿ.ಮೀ. ದೂರದಲ್ಲಿದ್ದು, ದಾರಿಯಲ್ಲಿ ಹೆದ್ದಾರಿ ಇಲ್ಲದಿದ್ದರೆ, ಹದಿನೆಂಟು ತುಂಬದವರಿಗೆ ಇದು ಪರಿಶೀಲಿಸಬಹುದಾದ ಆಯ್ಕೆ.

ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, "ಎಲೆಕ್ಟ್ರಿಕ್ ಆದುದರಿಂದ ಲೈಸೆನ್ಸ್ ಬೇಡ" ಎಂಬ ಮಾತು ಎಲ್ಲ ವಾಹನಗಳಿಗೂ ಅನ್ವಯಿಸುವುದಿಲ್ಲ. ಗಂಟೆಗೆ 50, 60 ಕಿ.ಮೀ. ವೇಗದಲ್ಲಿ ಓಡುವ ವಿದ್ಯುತ್ ಸ್ಕೂಟರುಗಳು ನೋಂದಣಿಯಾಗಬೇಕಾದ ಮೋಟಾರು ವಾಹನಗಳೇ ಆಗಿವೆ. ಎರಡನೆಯದಾಗಿ, 25 ಕಿ.ಮೀ. ಮಿತಿಯ ವಾಹನದ ನಿಯಂತ್ರಕವನ್ನು ಬದಲಿಸಿ ವೇಗ ಹೆಚ್ಚಿಸಿದರೆ ಅದು ವಿನಾಯಿತಿಯನ್ನು ಕಳೆದುಕೊಳ್ಳುತ್ತದೆ. ನೋಂದಣಿ, ವಿಮೆ, ಲೈಸೆನ್ಸ್ ಯಾವುದೂ ಇಲ್ಲದ ಮೋಟಾರು ವಾಹನವಾಗುತ್ತದೆ. "ಬೇಕಾದರೆ ಸ್ಪೀಡ್ ಲಾಕ್ ತೆಗೆದುಕೊಡುತ್ತೇವೆ" ಎಂದು ಮಾರಾಟಗಾರರು ಹೇಳಿದಲ್ಲಿ ಆ ಅಂಗಡಿಯಲ್ಲಿ ಖರೀದಿಸದಿರುವುದೇ ಒಳಿತು. ಖರೀದಿಗೆ ಮುನ್ನ ಪುಣೆಯ ಎ.ಆರ್.ಎ.ಐ., ಮಾನೇಸರದ ಐ.ಸಿ.ಎ.ಟಿ. ಮುಂತಾದ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯು ಆ ಮಾದರಿಗೆ ನೀಡಿದ ಪ್ರಮಾಣ ಪತ್ರದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು.

4. ಹದಿನೆಂಟರ ನಂತರ: ಕಾನೂನು ಮೌನವಾಗಿರುವ ಕಡೆ

18 ವರ್ಷ ತುಂಬಿದವರು ಕಲಂ 10ರ ಪ್ರಕಾರ ಗೇರ್ ರಹಿತ ಅಥವಾ ಗೇರ್ ಸಹಿತ ಮೋಟಾರು ಸೈಕಲ್ಲಿನ ಲೈಸೆನ್ಸ್ ಪಡೆಯಬಹುದು. ಗೇರ್ ಸಹಿತ ಮೋಟಾರು ಸೈಕಲ್ ಎಂಬ ವರ್ಗದೊಳಗೆ ಶಕ್ತಿಯ ಭೇದವಿಲ್ಲ. 100 ಸಿ.ಸಿ. ವಾಹನದಲ್ಲಿ ಪರೀಕ್ಷೆ ಕೊಟ್ಟು ಉತ್ತೀರ್ಣರಾದವರು ಮರುದಿನವೇ ಅದರ ಐದು ಪಟ್ಟು ಶಕ್ತಿಯ ವಾಹನವನ್ನು ಖರೀದಿಸಿ ಚಲಾಯಿಸಲು ಕಾನೂನಿನ ಅಡ್ಡಿಯಿಲ್ಲ.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವ್ಯವಸ್ಥೆ ಬೇರೆಯಾಗಿದೆ. 2013ರ ಜನವರಿ 19ರಿಂದ ಅಲ್ಲಿ ಹಂತ ಹಂತವಾದ ಲೈಸೆನ್ಸ್ ಪದ್ಧತಿ ಅನ್ವಯವಾಗಿದೆ. ಮೊದಲ ಹಂತವಾದ ಎ-1 ವರ್ಗದಲ್ಲಿ 125 ಸಿ.ಸಿ., 11 ಕಿಲೋವ್ಯಾಟ್ ಮತ್ತು ವಾಹನದ ಪ್ರತಿ ಕಿಲೋಗ್ರಾಂ ತೂಕಕ್ಕೆ 100 ವ್ಯಾಟ್ ಮೀರದ ಶಕ್ತಿ ಎಂಬ ಮೂರು ಮಿತಿಗಳಿವೆ. ಎರಡನೆಯ ಹಂತವಾದ ಎ-2 ವರ್ಗದಲ್ಲಿ 35 ಕಿಲೋವ್ಯಾಟ್ ಮತ್ತು ಪ್ರತಿ ಕಿಲೋಗ್ರಾಂಗೆ 200 ವ್ಯಾಟ್ ಮಿತಿ. ಎ-2ರಲ್ಲಿ ಎರಡು ವರ್ಷಗಳ ಅನುಭವ ಪಡೆದವರು, ಅಥವಾ ಸಾಮಾನ್ಯವಾಗಿ 24 ವರ್ಷ ತುಂಬಿದವರು ಮಾತ್ರ ಮಿತಿಯಿಲ್ಲದ ವಾಹನಕ್ಕೆ ಅರ್ಹರಾಗುತ್ತಾರೆ. ಭಾರತದ ಸವಾರರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲವಾದರೂ, ಮೊದಲ ವಾಹನವನ್ನು ಅಳೆಯಲು ಇವು ಒಳ್ಳೆಯ ಅಳತೆಗೋಲನ್ನು ಒದಗಿಸುತ್ತವೆ.

5. ಸಿ.ಸಿ. ಒಂದೇ ಅಳತೆಯಲ್ಲ

ಎಂಜಿನ್ ಸಾಮರ್ಥ್ಯ ಹೆಚ್ಚಾದಷ್ಟೂ ವಾಹನ ಅಪಾಯಕಾರಿ ಎಂಬ ಸಾಮಾನ್ಯ ಎಣಿಕೆ ಪೂರ್ಣ ಸತ್ಯವಲ್ಲ. ಸಿ.ಸಿ. ಎಂಬುದು ಎಂಜಿನ್ನಿನ ಸಿಲಿಂಡರಿನ ಗಾತ್ರವನ್ನು ಮಾತ್ರ ತಿಳಿಸುತ್ತದೆ. ವಾಹನ ಎಷ್ಟು ಚುರುಕಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂಬುದನ್ನು ಅಂದಾಜು ಮಾಡಲು ಗರಿಷ್ಠ ಶಕ್ತಿಯನ್ನು ವಾಹನದ ತೂಕದಿಂದ ಭಾಗಿಸಿ ನೋಡಬೇಕು. ಈ ಎರಡೂ ಅಂಕಿಗಳು ಕಂಪನಿಯ ಮಾಹಿತಿ ಪತ್ರಿಕೆಯಲ್ಲಿ ಮುದ್ರಿತವಾಗಿರುತ್ತವೆ. ಶಕ್ತಿಯನ್ನು ಪಿ.ಎಸ್.ನಲ್ಲಿ ನೀಡಿದ್ದರೆ 735ರಿಂದ ಗುಣಿಸಿದಾಗ ವ್ಯಾಟ್ ದೊರೆಯುತ್ತದೆ. ಮಾರುಕಟ್ಟೆಯಲ್ಲಿರುವ ವಾಹನಗಳ ಸ್ಥೂಲ ಲೆಕ್ಕ ಹೀಗಿದೆ:

- 100 ಸಿ.ಸಿ. ಸಾಮಾನ್ಯ ಬಳಕೆಯ ಬೈಕ್: ಸುಮಾರು 6 ಕಿಲೋವ್ಯಾಟ್, 112 ಕೆ.ಜಿ.; ಪ್ರತಿ ಕೆ.ಜಿ.ಗೆ ಸುಮಾರು 54 ವ್ಯಾಟ್.
- 125 ಸಿ.ಸಿ. ಸಾಮಾನ್ಯ ಬಳಕೆಯ ಬೈಕ್: ಸುಮಾರು 8 ಕಿಲೋವ್ಯಾಟ್, 115 ಕೆ.ಜಿ.; ಸುಮಾರು 70 ವ್ಯಾಟ್.
- 150 ಸಿ.ಸಿ. ಸಾಮಾನ್ಯ ಬೈಕ್: ಸುಮಾರು 10 ಕಿಲೋವ್ಯಾಟ್, 148 ಕೆ.ಜಿ.; ಸುಮಾರು 68 ವ್ಯಾಟ್.
- 155 ಸಿ.ಸಿ. ಸ್ಪೋರ್ಟ್ಸ್ ಬೈಕ್: ಸುಮಾರು 13.5 ಕಿಲೋವ್ಯಾಟ್, 142 ಕೆ.ಜಿ.; ಸುಮಾರು 95 ವ್ಯಾಟ್.
- 200 ಸಿ.ಸಿ. ಸ್ಪೋರ್ಟ್ಸ್ ಬೈಕ್: ಸುಮಾರು 18 ಕಿಲೋವ್ಯಾಟ್, 160 ಕೆ.ಜಿ.; ಸುಮಾರು 112 ವ್ಯಾಟ್.
- 350 ಸಿ.ಸಿ. ಹಳೆಯ ಶೈಲಿಯ ಭಾರಿ ಬೈಕ್: ಸುಮಾರು 15 ಕಿಲೋವ್ಯಾಟ್, 195 ಕೆ.ಜಿ.; ಸುಮಾರು 77 ವ್ಯಾಟ್.
- 375 ಸಿ.ಸಿ. ಆಸುಪಾಸಿನ ಸ್ಪೋರ್ಟ್ಸ್ ಬೈಕ್: ಸುಮಾರು 32 ಕಿಲೋವ್ಯಾಟ್, 170 ಕೆ.ಜಿ.; ಸುಮಾರು 188 ವ್ಯಾಟ್.

ಕೊನೆಯ ಎರಡು ಸಾಲುಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸಿ.ಸಿ.ಯಲ್ಲಿ ಎರಡೂ ಹತ್ತಿರ ಹತ್ತಿರ. ಆದರೆ ತೂಕಕ್ಕೆ ತಕ್ಕ ಶಕ್ತಿಯಲ್ಲಿ ಒಂದು ಇನ್ನೊಂದರ ಎರಡೂವರೆ ಪಟ್ಟಿನಷ್ಟಿದೆ. ಹಾಗೆಯೇ 155 ಸಿ.ಸಿ. ಸ್ಪೋರ್ಟ್ಸ್ ಬೈಕು "ಚಿಕ್ಕ ಬೈಕು" ಎಂದು ಕಂಡರೂ 350 ಸಿ.ಸಿ. ಭಾರಿ ಬೈಕಿಗಿಂತ ಚುರುಕಾಗಿರುತ್ತದೆ. ಆದರೆ ಭಾರಿ ಬೈಕು ಹೊಸಬರಿಗೆ ಸುಲಭವೆಂದು ಇದರ ಅರ್ಥವಲ್ಲ. ಸುಮಾರು ಎರಡು ಕ್ವಿಂಟಾಲ್ ತೂಕದ ವಾಹನ ಇಳಿಜಾರಿನಲ್ಲಿ, ಕೆಸರಿನಲ್ಲಿ ಅಥವಾ ಮರಳು ಬಿದ್ದ ತಿರುವಿನಲ್ಲಿ ವಾಲಿದರೆ ಅನುಭವವಿಲ್ಲದವರ ಕಾಲು ಅದನ್ನು ತಡೆಯಲಾರದು.

ಕಲಿತು ಎರಡು ವರ್ಷ ತುಂಬುವವರೆಗೆ ಪ್ರತಿ ಕಿಲೋಗ್ರಾಂಗೆ 75 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, 130 ಕೆ.ಜಿ.ಗಿಂತ ಕಡಿಮೆ ತೂಕದ ವಾಹನವನ್ನು ಬಳಸುವುದು ವಿವೇಕದ ಕ್ರಮ. ಇದು ಕಾನೂನಿನ ಕಟ್ಟಳೆಯಲ್ಲ. ಮೇಲಿನ ಲೆಕ್ಕದಿಂದ ಮೂಡುವ ಸಲಹೆ. 100 ಮತ್ತು 125 ಸಿ.ಸಿ.ಯ ಸಾಮಾನ್ಯ ಬೈಕುಗಳು ಈ ಮಿತಿಯೊಳಗೆ ಬರುತ್ತವೆ.

6. ಕಡಿಮೆ ಶಕ್ತಿ ಸಾಲುವುದೇ?

"ಹೆದ್ದಾರಿಯಲ್ಲಿ ಹೋಗಬೇಕು, ಚಿಕ್ಕ ಬೈಕು ಸಾಲದು" ಎಂಬ ವಾದ ಸಾಮಾನ್ಯ. ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮೋಟಾರು ಸೈಕಲ್ಲುಗಳ ಗರಿಷ್ಠ ವೇಗ ವಿಭಜಕವುಳ್ಳ ಚತುಷ್ಪಥ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ., ನಗರ ವ್ಯಾಪ್ತಿಯ ಮತ್ತು ಇತರ ರಸ್ತೆಗಳಲ್ಲಿ 60 ಕಿ.ಮೀ. ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸಿರುವ ಕಡೆ ಆ ಮಿತಿಯೇ ಅನ್ವಯವಾಗುತ್ತದೆ. 100 ಸಿ.ಸಿ.ಯ ಬೈಕು ಕೂಡ ಈ ವೇಗವನ್ನು ತಲುಪಬಲ್ಲದು. ಬೆಂಗಳೂರು-ಮೈಸೂರು ಪ್ರವೇಶ ನಿಯಂತ್ರಿತ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನೇ ನಿಷೇಧಿಸಲಾಯಿತು. ಅಂದರೆ ಹೆಚ್ಚುವರಿ ಶಕ್ತಿಯನ್ನು ಕಾನೂನುಬದ್ಧವಾಗಿ ಬಳಸಬಹುದಾದ ರಸ್ತೆಯೇ ವಿರಳ.

ವೇಗ ಹೆಚ್ಚಿದಂತೆ ನಿಲ್ಲಲು ಬೇಕಾಗುವ ದೂರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚುತ್ತದೆ. ಅಡ್ಡ ಬಂದುದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕೆಂದೂ, ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಪ್ರತಿ ಸೆಕೆಂಡಿಗೆ ಗಂಟೆಗೆ 18 ಕಿ.ಮೀ.ನಷ್ಟು ವೇಗ ತಗ್ಗುವುದೆಂದೂ ಎಣಿಸಿದರೆ, 40 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 23 ಮೀಟರ್, 60ರಲ್ಲಿ ಸುಮಾರು 44 ಮೀಟರ್, 80ರಲ್ಲಿ ಸುಮಾರು 72 ಮೀಟರ್ ಬೇಕು. ಬ್ರೇಕ್ ಹಿಡಿದ ನಂತರದ ದೂರವನ್ನಷ್ಟೇ ನೋಡಿದರೆ 40ರಲ್ಲಿ 12 ಮೀಟರ್ ಇದ್ದದ್ದು 80ರಲ್ಲಿ 49 ಮೀಟರ್ ಆಗುತ್ತದೆ. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಮಳೆಯಲ್ಲಿ ಇನ್ನೂ ಹೆಚ್ಚು.

ಶಕ್ತಿಯುತ ವಾಹನದ ನಿಜವಾದ ಅಪಾಯ ಅದರ ಗರಿಷ್ಠ ವೇಗದಲ್ಲಿ ಮಾತ್ರವಿಲ್ಲ. 40ರಿಂದ 80ಕ್ಕೆ ಏರುವುದು ಅದರಲ್ಲಿ ಕೆಲವೇ ಸೆಕೆಂಡುಗಳ ಕೆಲಸ. ಸವಾರರಿಗೆ ಅರಿವಾಗುವ ಮೊದಲೇ ವೇಗ ಏರಿರುತ್ತದೆ. ಬಣ್ಣ ಬಳಿಯದ ರಸ್ತೆ ಉಬ್ಬು, ಮಂಡ್ಯ ಮತ್ತು ಬೆಳಗಾವಿ ಕಡೆಯ ರಸ್ತೆಗಳಲ್ಲಿ ರಾತ್ರಿ ಹಿಂದೀಪವಿಲ್ಲದೆ ಸಾಗುವ ಕಬ್ಬಿನ ಟ್ರ್ಯಾಕ್ಟರ್, ಮಲೆನಾಡಿನ ಘಟ್ಟದ ತಿರುವಿನಲ್ಲಿ ಮಳೆಗಾಲದ ಪಾಚಿ ಇವೆಲ್ಲವನ್ನೂ ಮುಂದಾಗಿ ಊಹಿಸುವುದನ್ನು ಸವಾರರು ಕಲಿಯುವುದು ವರ್ಷಗಳ ಸವಾರಿಯಿಂದ. ಆ ಕಲಿಕೆ ಮುಗಿಯುವವರೆಗೆ ನಿಧಾನವಾಗಿ ವೇಗ ಏರಿಸಿಕೊಳ್ಳುವ ವಾಹನವು ಸವಾರರ ತಪ್ಪಿಗೆ ತಿದ್ದಿಕೊಳ್ಳಲು ಕಾಲಾವಕಾಶ ನೀಡುತ್ತದೆ.

7. ಆಯ್ಕೆಯಲ್ಲಿ ಗಮನಿಸಬೇಕಾದ ಇತರ ಅಂಶಗಳು

ಅ) ಆಸನದ ಎತ್ತರ: ವಾಹನದ ಮೇಲೆ ಕುಳಿತಾಗ ಎರಡೂ ಪಾದಗಳು, ಕನಿಷ್ಠ ಪಕ್ಷ ಪಾದದ ಮುಂಭಾಗ, ನೆಲಕ್ಕೆ ಚೆನ್ನಾಗಿ ಊರಬೇಕು. ಸಾಮಾನ್ಯ ಬೈಕುಗಳ ಆಸನ 780ರಿಂದ 800 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಸ್ಪೋರ್ಟ್ಸ್ ಬೈಕುಗಳಲ್ಲಿ ಇದು ಹೆಚ್ಚು. ಅಂಗಡಿಯಲ್ಲಿ ನೋಡಿ ನಿರ್ಧರಿಸದೆ, ಸವಾರಿ ಮಾಡುವವರೇ ಕುಳಿತು, ವಾಹನವನ್ನು ಹಿಂದೆ ಮುಂದೆ ತಳ್ಳಿ, ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಬೇಕು.

ಆ) ಬ್ರೇಕ್: 2019ರ ಏಪ್ರಿಲ್ 1ರಿಂದ ಎಲ್ಲ ಹೊಸ ವಾಹನಗಳಿಗೂ ಅನ್ವಯವಾದ ನಿಯಮದಂತೆ 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಲ್ಲಿ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು, 125 ಸಿ.ಸಿ.ವರೆಗಿನವುಗಳಲ್ಲಿ ಎರಡೂ ಚಕ್ರಗಳ ಬ್ರೇಕ್ ಒಟ್ಟಿಗೆ ಹಿಡಿಯುವ ಸಿ.ಬಿ.ಎಸ್. ಅಥವಾ ಎ.ಬಿ.ಎಸ್. ಇರಬೇಕೆಂದು ವಿಧಿಸಲಾಯಿತು. ಹಳೆಯ ವಾಹನಗಳಲ್ಲಿ ಇವು ಇಲ್ಲದಿರಬಹುದು. ಎರಡು ವಾಹನಗಳ ನಡುವೆ ಆಯ್ಕೆ ಕಷ್ಟವಾದಾಗ, ಹೆಚ್ಚು ಶಕ್ತಿಯ ವಾಹನಕ್ಕೆ ಕೊಡುವ ಹಣವನ್ನು ಉತ್ತಮ ಬ್ರೇಕ್ ಇರುವ ವಾಹನಕ್ಕೆ ಕೊಡುವುದು ಲಾಭಕರ.

ಇ) ಹಿಂಬದಿ ಸವಾರರು: 60 ಕೆ.ಜಿ. ತೂಕದ ವ್ಯಕ್ತಿ ಹಿಂದೆ ಕುಳಿತಾಗ 115 ಕೆ.ಜಿ. ವಾಹನದ ಸಮತೋಲನ ಬಹಳ ಬದಲಾಗುತ್ತದೆ. ಲೈಸೆನ್ಸ್ ದೊರೆತ ಮೊದಲ ತಿಂಗಳುಗಳಲ್ಲಿ ಒಬ್ಬರೇ ಸವಾರಿ ಮಾಡುವುದು ಕ್ಷೇಮ. ಮೂವರು ಕುಳಿತು ಸಾಗುವುದು ಕಲಂ 128ರ ಉಲ್ಲಂಘನೆ.

ಈ) ಮಾರ್ಪಾಡು: ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ಎಂಜಿನ್, ಸೈಲೆನ್ಸರ್ ಮುಂತಾದವನ್ನು ಬದಲಿಸುವಂತಿಲ್ಲ. ಕಲಂ 182-ಎ ಅನ್ವಯ ಅನಧಿಕೃತವಾಗಿ ಮಾರ್ಪಾಡು ಮಾಡಿದ ಮಾಲೀಕರಿಗೆ 6 ತಿಂಗಳವರೆಗೆ ಕಾರಾಗೃಹ ವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು.

ಉ) ಹೆಲ್ಮೆಟ್: ಇದನ್ನು ವಾಹನದ ಬೆಲೆಯ ಭಾಗವೆಂದೇ ಎಣಿಸಬೇಕು. 2021ರ ಜೂನ್ 1ರಿಂದ ಐ.ಎಸ್. 4151 ಮಾನಕದ ಐ.ಎಸ್.ಐ. ಗುರುತು ಇಲ್ಲದ ಹೆಲ್ಮೆಟ್‌ಗಳ ತಯಾರಿಕೆ ಮತ್ತು ಮಾರಾಟ ನಿಷಿದ್ಧ. ಗಲ್ಲದ ಪಟ್ಟಿಯನ್ನು ಬಿಗಿಯದೆ ತಲೆಯ ಮೇಲೆ ಇಟ್ಟುಕೊಂಡ ಹೆಲ್ಮೆಟ್ ಅಪಘಾತದ ಕ್ಷಣದಲ್ಲಿ ತಲೆಯ ಮೇಲೆ ಉಳಿಯುವುದಿಲ್ಲ.

8. ವೆಚ್ಚದ ಲೆಕ್ಕ

ವಾಹನದ ಶಕ್ತಿ ಕುಟುಂಬದ ಆಯವ್ಯಯದ ಮೇಲೂ ಪ್ರಭಾವ ಬೀರುತ್ತದೆ. ಮೂರನೆಯವರ ವಿಮೆಯ ಕಂತು ಎಂಜಿನ್ ಸಾಮರ್ಥ್ಯಕ್ಕೆ ಅನುಗುಣವಾಗಿ ನಿಗದಿಯಾಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ತೆರಿಗೆ ಹೊರತುಪಡಿಸಿ ವಾರ್ಷಿಕ ಕಂತು 75 ಸಿ.ಸಿ.ವರೆಗೆ ರೂ. 538, 75ರಿಂದ 150 ಸಿ.ಸಿ.ವರೆಗೆ ರೂ. 714, 150ರಿಂದ 350 ಸಿ.ಸಿ.ವರೆಗೆ ರೂ. 1,366, 350 ಸಿ.ಸಿ. ಮೀರಿದರೆ ರೂ. 2,804 ಇತ್ತು. ಈ ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಖರೀದಿಯ ಸಮಯದ ದರವನ್ನು ವಿಚಾರಿಸಿಕೊಳ್ಳಬೇಕು. ಹೊಸ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರ್ 1ರಿಂದ ಮೂರನೆಯವರ ವಿಮೆಯನ್ನು ಐದು ವರ್ಷಗಳಿಗೆ ಒಟ್ಟಿಗೆ ಪಡೆಯಬೇಕಾಗಿರುವುದರಿಂದ ಈ ವ್ಯತ್ಯಾಸ ಮೊದಲ ದಿನವೇ ಕೈಯಿಂದ ಹೋಗುತ್ತದೆ. ಇದಲ್ಲದೆ ವಾಹನದ ಬೆಲೆ ಏರಿದಂತೆ ಜೀವಿತಾವಧಿ ತೆರಿಗೆಯೂ ಏರುತ್ತದೆ. ಟೈರು, ಬ್ರೇಕ್ ಪ್ಯಾಡ್, ಚೈನ್ ಸೆಟ್ ಮುಂತಾದ ಬಿಡಿಭಾಗಗಳ ಬೆಲೆಯೂ ಸ್ಪೋರ್ಟ್ಸ್ ಬೈಕುಗಳಲ್ಲಿ ಹೆಚ್ಚು.

ಕಂತಿನ ಸಾಲದ ಹೊರೆಯಿಂದಾಗಿ ಸವೆದ ಟೈರನ್ನು ಬದಲಿಸಲು ಹಿಂದೆಮುಂದೆ ನೋಡುವ ಸ್ಥಿತಿ ಬಂದರೆ, ಆ ವಾಹನ ಕುಟುಂಬದ ಶಕ್ತಿಗೆ ಮೀರಿದ್ದೆಂದೇ ತಿಳಿಯಬೇಕು.

ಹೊಸಬರು ಕಲಿಕೆಯ ಅವಧಿಯಲ್ಲಿ ಒಂದೆರಡು ಬಾರಿ ವಾಹನವನ್ನು ಬೀಳಿಸುವುದು ಸಹಜವಾದುದರಿಂದ ಸುಸ್ಥಿತಿಯಲ್ಲಿರುವ ಹಳೆಯ ವಾಹನವೂ ಒಳ್ಳೆಯ ಆಯ್ಕೆ. ಆದರೆ ನೋಂದಣಿ ಪತ್ರದ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡಬೇಕು. ವಿಮೆ ಚಾಲ್ತಿಯಲ್ಲಿದೆಯೇ, ಸಾಲದ ನಮೂದು ರದ್ದಾಗಿದೆಯೇ, ನೋಂದಣಿಯ 15 ವರ್ಷಗಳ ಅವಧಿ ಎಷ್ಟು ಉಳಿದಿದೆ ಎಂಬುದನ್ನು ಪರಿಶೀಲಿಸಬೇಕು. ನಮೂನೆ 29 ಮತ್ತು 30ರಲ್ಲಿ ಸಹಿ ಪಡೆದು ಮಾಲೀಕತ್ವದ ವರ್ಗಾವಣೆಯನ್ನು ವಿಳಂಬವಿಲ್ಲದೆ ಮಾಡಿಸತಕ್ಕದ್ದು.

9. ಲೈಸೆನ್ಸ್ ಪಡೆಯುವ ಕ್ರಮ

ಕಲಿಕಾ ಲೈಸೆನ್ಸಿಗೆ ಸಾರಥಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಇದರ ಅವಧಿ 6 ತಿಂಗಳು. ಕಲಿಕಾ ಲೈಸೆನ್ಸ್ ಪಡೆದು ಕನಿಷ್ಠ 30 ದಿನಗಳಾದ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಲು ಅವಕಾಶ. ಈ ಅವಧಿಯಲ್ಲಿ ವಾಹನದ ಮುಂದೆಯೂ ಹಿಂದೆಯೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಬಣ್ಣದ "ಎಲ್" ಫಲಕವಿರಬೇಕು. ಕಲಿಯುವವರು, ಲೈಸೆನ್ಸ್ ಹೊಂದಿ ಕಲಿಸುತ್ತಿರುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಮೂವತ್ತು ದಿನಗಳು ಕನಿಷ್ಠ ಅವಧಿಯೇ ಹೊರತು ಕಲಿಕೆಗೆ ಸಾಕಾಗುವ ಅವಧಿಯಲ್ಲ ಎಂಬುದನ್ನು ಮರೆಯಬಾರದು. 16ನೇ ವಯಸ್ಸಿನಲ್ಲಿ 50 ಸಿ.ಸಿ. ಲೈಸೆನ್ಸ್ ಪಡೆದವರು 18 ತುಂಬಿದ ಮೇಲೆ ಬೇರೆ ವರ್ಗದ ವಾಹನಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ಅರ್ಹತೆ ಪಡೆಯತಕ್ಕದ್ದು.

10. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಊರೊಳಗೆ ಮಾತ್ರ ಓಡಿಸಿದರೆ ಲೈಸೆನ್ಸ್ ಬೇಕೇ?
ಉತ್ತರ: ಬೇಕು. ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ರಸ್ತೆ, ಬೀದಿ, ದಾರಿ ಎಲ್ಲವೂ ಸಾರ್ವಜನಿಕ ಸ್ಥಳವೇ. ಹಳ್ಳಿಯ ಬೀದಿಯೂ ಇದಕ್ಕೆ ಹೊರತಲ್ಲ.

ಪ್ರಶ್ನೆ: ವಾಹನ ಚಿಕ್ಕಪ್ಪನ ಹೆಸರಿನಲ್ಲಿದೆ, ಓಡಿಸಿದ್ದು ಹದಿನಾರರ ಹುಡುಗ. ಹೊಣೆ ಯಾರದು?
ಉತ್ತರ: ಕಲಂ 199-ಎ ಪೋಷಕರನ್ನೂ ವಾಹನದ ಮಾಲೀಕರನ್ನೂ ಒಳಗೊಳ್ಳುತ್ತದೆ. ನೆಂಟರ ಅಥವಾ ನೆರೆಯವರ ಮಕ್ಕಳ ಕೈಗೆ ಕೀಲಿ ಕೊಡುವವರೂ ಇದನ್ನು ಗಮನಿಸಬೇಕು.

ಪ್ರಶ್ನೆ: ಶಕ್ತಿ ತಗ್ಗಿಸುವ "ರೈನ್ ಮೋಡ್" ಇರುವ ದೊಡ್ಡ ಬೈಕನ್ನು ಮೊದಲ ವಾಹನವಾಗಿ ಕೊಳ್ಳಬಹುದೇ?
ಉತ್ತರ: 18 ತುಂಬಿ ಲೈಸೆನ್ಸ್ ಇದ್ದರೆ ಕಾನೂನಿನ ಅಡ್ಡಿಯಿಲ್ಲ. ಆದರೆ ಆ ಸೌಲಭ್ಯವನ್ನು ಒಂದು ಗುಂಡಿ ಒತ್ತಿ ಬದಲಿಸಬಹುದು. ವಾಹನದ ತೂಕ, ಎತ್ತರ, ಬೆಲೆ ಇವು ಬದಲಾಗುವುದಿಲ್ಲ.

ಪ್ರಶ್ನೆ: ಮಗನಿಗೆ ಹದಿನೇಳು ವರ್ಷ; ಕಾಲೇಜು 18 ಕಿ.ಮೀ. ದೂರ. ಏನು ಮಾಡಬೇಕು?
ಉತ್ತರ: ಹದಿನೆಂಟು ತುಂಬುವವರೆಗೆ ವಿದ್ಯಾರ್ಥಿ ಬಸ್ ಪಾಸ್, ಅಥವಾ ಬಸ್ ನಿಲ್ದಾಣದವರೆಗೆ ಸೈಕಲ್, ಅಥವಾ ಲೈಸೆನ್ಸ್ ಹೊಂದಿದ ಹಿರಿಯರ ಜೊತೆ ಪ್ರಯಾಣ ಸೂಕ್ತ. ಒಂದು ವರ್ಷದ ಅನಾನುಕೂಲತೆಯು 25 ವರ್ಷದವರೆಗಿನ ನಿರ್ಬಂಧಕ್ಕಿಂತ, ಅದಕ್ಕೂ ಮಿಗಿಲಾಗಿ ಅಪಘಾತಕ್ಕಿಂತ, ಬಹಳ ಚಿಕ್ಕದು.

ಖರೀದಿಗೆ ಮುನ್ನ ಸಂಕ್ಷಿಪ್ತವಾಗಿ

ಸವಾರರ ವಯಸ್ಸಿಗೆ ವಾಹನ ಅನುಮತಿಸಲ್ಪಟ್ಟಿದೆಯೇ, ನೋಂದಣಿ ಪತ್ರದಲ್ಲಿನ ಘನ ಸಾಮರ್ಥ್ಯ ಎಷ್ಟು, ಪ್ರತಿ ಕಿಲೋಗ್ರಾಂಗೆ ಎಷ್ಟು ವ್ಯಾಟ್, ಪಾದಗಳು ನೆಲಕ್ಕೆ ಊರುತ್ತವೆಯೇ, ಬ್ರೇಕ್ ಯಾವ ಬಗೆಯದು, ವಿಮೆ ಮತ್ತು ಹೆಲ್ಮೆಟ್ ಸೇರಿ ಒಟ್ಟು ವೆಚ್ಚ ಎಷ್ಟು ಎಂಬ ಆರು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಶಕ್ತಿಯುತ ವಾಹನವನ್ನು ಎರಡು ವರ್ಷಗಳ ನಂತರವೂ ಕೊಳ್ಳಬಹುದು. ಆ ವೇಳೆಗೆ ಅದನ್ನು ನಿಭಾಯಿಸುವ ಅನುಭವವೂ ಸವಾರರಿಗೆ ಬಂದಿರುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.